ಜೀರ್ಣಗೃಹಪರೀಕ್ಷೆ

ಅರುವತ್ತು ವರ್ಷ ತುಂಬಿದವನು ಮಾಡಬಾರದ ಕೆಲಸಗಳಲ್ಲಿ ಹಳೆಯ ಮನೆಯನ್ನು ಕೊಳ್ಳುವುದೂ ಒಂದೆಂದು ನನ್ನ ಸ್ನೇಹಿತರೆಲ್ಲರ ಏಕಾಭಿಪ್ರಾಯವಾಗಿದ್ದಿತು. ಮೂವತ್ತೈದು ವರ್ಷಗಳ ಕಾಲ ಊರೂರಿಗೆ ವರ್ಗವಾಗುತ್ತ, ಬಾಡಿಗೆಯ ಮನೆಗಳಲ್ಲಿಯೇ ಸಂಸಾರವನ್ನು ಸಾಗಿಸಿ, ಮಕ್ಕಳಿಗೆ ಶಬ್ದರೂಪ ಧಾತುರೂಪಗಳನ್ನು ಬಾಯಿಪಾಠ ಮಾಡಿಸಿ, ಕಡೆಗೆ ನಿವೃತ್ತನಾದಾಗ ಕೈಗೆ ಬಂದ ಹಣವನ್ನು ಬ್ಯಾಂಕಿನಲ್ಲಿಟ್ಟು ಬಡ್ಡಿಯಿಂದ ಕಾಲಕ್ಷೇಪ ಮಾಡುವುದೇ ವಿವೇಕವೆಂದು ಅವರು ಬುದ್ಧಿ ಹೇಳಿದರು. ಬೆಂಗಳೂರಿನಲ್ಲಿರುವ ಮಗನು, “ಹೊಸದಾಗಿ ಕಟ್ಟಿರುವ ಫ್ಲ್ಯಾಟೊಂದನ್ನು ಕೊಂಡರೆ ತಾಪತ್ರಯವಿಲ್ಲವಲ್ಲ, ಅಪ್ಪ” ಎಂದನು. ನನ್ನ ಸಹಧರ್ಮಿಣಿಯು ಮಾತ್ರ, “ನೆಲದ ಮೇಲೆ ಕಾಲಿಡುವ ಮನೆ ಬೇಕು, ಹಿತ್ತಲಿನಲ್ಲಿ ಒಂದು ಕರಿಬೇವಿನ ಗಿಡ ಬೇಕು. ಮಿಕ್ಕದ್ದನ್ನು ನೀವು ಏನಾದರೂ ಮಾಡಿಕೊಳ್ಳಿ” ಎಂದಳು. ಅಂತಹ ಹೊಸ ಮನೆಯ ಬೆಲೆಯನ್ನು ವಿಚಾರಿಸಿದ ಮೇಲೆ, ನಮ್ಮ ಗಂಟಿಗೆ ಎಟುಕುವುದು ಮುರುಕಲು ಮನೆಯೇ ಎಂಬುದು ಇಬ್ಬರಿಗೂ ಮನದಟ್ಟಾಯಿತು.

‘ಜೀರ್ಣ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಹಳತಾಗಿ ಸವೆದುದೂ ಜೀರ್ಣ, ಹೊಟ್ಟೆಯಲ್ಲಿ ಅರಗಿದುದೂ ಜೀರ್ಣ. ಎರಡಕ್ಕೂ ಧಾತು ಒಂದೇ. ತರಗತಿಯಲ್ಲಿ ಇದನ್ನು ಎಷ್ಟೋ ಸಲ ಹೇಳಿದ್ದೆನಾದರೂ ಅದರ ತಾತ್ಪರ್ಯವು ನನಗೆ ತಿಳಿದದ್ದು, ಹೋದ ವರ್ಷ ಮೂರು ಹಳೆಯ ಮನೆಗಳನ್ನು ನೋಡಿದ ಮೇಲೆಯೇ. ಮನೆ ಕೊಳ್ಳಬೇಕೆಂದಿರುವ ಗೃಹಸ್ಥರಿಗೆ ಉಪಯೋಗವಾಗಬಹುದೆಂದು ಆ ವೃತ್ತಾಂತವನ್ನು ಇಲ್ಲಿ ಬರೆಯುತ್ತೇನೆ. ಅದರಲ್ಲಿ ನನ್ನ ಅಪರಾಧವೊಂದೂ ಸೇರಿದೆ. ಅದನ್ನು ಬಿಟ್ಟು ಬರೆದರೆ ಕಥೆಯು ಸುಳ್ಳಾಗುತ್ತದೆ.

ಪುಸ್ತಕದ ಹುಳುವಾದ ನಾನು ಮೊದಲು ಮಾಡಿದ ಕೆಲಸವೆಂದರೆ ವರಾಹಮಿಹಿರನ ಬೃಹತ್ಸಂಹಿತೆಯನ್ನು ಬೀರುವಿನಿಂದ ಕೆಳಗಿಳಿಸಿದುದು. ಆರನೆಯ ಶತಮಾನದ ಆ ಮಹಾನುಭಾವನು ಮನೆಯ ಅಳತೆ, ಬಾಗಿಲಿನ ಸ್ಥಾನ ಇವುಗಳನ್ನಲ್ಲದೆ ನೆಲದ ಪರೀಕ್ಷೆಯನ್ನೂ ಹೇಳಿದ್ದಾನೆ. ಒಂದು ಮೊಳ ಗುಂಡಿ ತೋಡಿ, ತೆಗೆದ ಮಣ್ಣನ್ನೇ ಮತ್ತೆ ಅದಕ್ಕೆ ತುಂಬಬೇಕು. ಮಣ್ಣು ಮಿಕ್ಕರೆ ನೆಲವು ಒಳ್ಳೆಯದು, ಸರಿಹೋದರೆ ಮಧ್ಯಮ, ಸಾಲದೆ ಹೋದರೆ ಕೆಟ್ಟದ್ದು. ಇನ್ನೊಂದೆಡೆ ‘ವಜ್ರಲೇಪ’ವೆಂಬ ಗಾರೆಯನ್ನು ವರ್ಣಿಸಿದ್ದಾನೆ. ಎಳೆಯ ಬೇಲದ ಕಾಯಿ, ಬೂರುಗದ ಹೂವು ಮುಂತಾದುವನ್ನು ನೀರಿನಲ್ಲಿ ಹಾಕಿ, ಎಂಟರಲ್ಲಿ ಒಂದು ಪಾಲು ಉಳಿಯುವವರೆಗೆ ಕುದಿಸಿ ಅದನ್ನು ಮಾಡತಕ್ಕದ್ದು. ನಾನು ಇದನ್ನು ಉತ್ಸಾಹದಿಂದ ಓದಿ ಹೇಳಲು, ಆಕೆ, “ಬೇಲದ ಕಾಯಿ ಎಲ್ಲಿ ಸಿಕ್ಕುತ್ತದೆಂದು ನೀವು ವಿಚಾರಿಸುತ್ತಿರಿ, ಅಷ್ಟರೊಳಗೆ ನಾನು ಒಬ್ಬ ಗಾರೆಯವರನ್ನು ವಿಚಾರಿಸುತ್ತೇನೆ” ಎಂದಳು. ಎರಡು ದಿನಗಳಲ್ಲಿ ವೃದ್ಧರಾದ ಮೇಸ್ತ್ರಿಯೊಬ್ಬರು ಬಂದರು. ಅವರ ಮೊಮ್ಮಗನು ನನ್ನ ಶಿಷ್ಯನಂತೆ. ಆ ಒಂದು ಸಂಬಂಧದಿಂದ ನಮ್ಮೊಡನೆ ಮನೆಗಳನ್ನು ನೋಡಲು ಒಪ್ಪಿದರು. ಅವರ ಸಲಕರಣೆಗಳು ಮೂರೇ: ಒಂದು ಟಾರ್ಚು, ಒಂದು ಸಣ್ಣ ಸುತ್ತಿಗೆ, ಗೋಣಿ ಹೊಲಿಯುವ ಒಂದು ದಬ್ಬಳ.

“ಸ್ವಾಮಿ, ಮನೆ ನೋಡುವುದಕ್ಕೆ ಬೇಸಿಗೆಯಲ್ಲಿ ಹೋಗಬಾರದು. ಮಳೆ ಬಂದ ಮಾರನೆಯ ದಿವಸ ಹೋಗಬೇಕು. ಬೇಸಿಗೆಯಲ್ಲಿ ಎಲ್ಲಾ ಮನೆಗಳೂ ಸುಳ್ಳು ಹೇಳುತ್ತವೆ” ಎಂಬುದು ಅವರ ಮೊದಲನೆಯ ಸೂತ್ರ. ಆದುದರಿಂದ ಜೂನ್ ತಿಂಗಳವರೆಗೆ ಕಾದಿದ್ದೆವು.

ಮೊದಲನೆಯ ಮನೆಯು ನಂಜನಗೂಡಿನಲ್ಲಿ, ಕಪಿಲಾ ನದಿಗೆ ಹತ್ತಿರದ ಒಂದು ಬೀದಿಯಲ್ಲಿದ್ದಿತು. ದೇವರ ದರ್ಶನವನ್ನು ಮಾಡಿಕೊಂಡು ಹೋದೆವು. ಗೋಡೆಗಳಿಗೆ ಹೊಸದಾಗಿ ಬಣ್ಣ ಬಳಿದಿದ್ದರು, ನೆಲವು ಥಳಥಳಿಸುತ್ತಿದ್ದಿತು, ಬೆಲೆಯು ನಾನೆಣಿಸಿದ್ದಕ್ಕಿಂತ ಕಡಿಮೆ. ನಾನು ತಲೆಯೆತ್ತಿ ಜಂತೆಗಳನ್ನು ನೋಡುತ್ತಿರುವಾಗ ಮೇಸ್ತ್ರಿಗಳು ಗೋಡೆಯ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಬೆರಳ ಗಿಣ್ಣಿನಿಂದ ತಟ್ಟತೊಡಗಿದರು. ನೆಲದಿಂದ ಮೊಳಕಾಲೆತ್ತರದವರೆಗೆ ಟೊಳ್ಳು ಶಬ್ದ. ಮೂಲೆಯಲ್ಲಿದ್ದ ಬೀರುವನ್ನು ಸ್ವಲ್ಪ ಸರಿಸಿ ನೋಡಿದರೆ, ಹೊಸ ಬಣ್ಣವನ್ನು ಒಡೆದುಕೊಂಡು ಬಿಳಿಯ ಉಪ್ಪು ಹೂವಿನಂತೆ ಅರಳಿದ್ದಿತು.

“ಇದು ಸುಣ್ಣದ ಗಾರೆಯ ಗೋಡೆ. ನೀರು ಕುಡಿದಿದೆ. ಮೇಲೆ ಸಿಮೆಂಟಿನ ಅಂಗಿ ತೊಡಿಸಿದ್ದಾರೆ, ಬೆವರು ಹೋಗುವುದಕ್ಕೆ ದಾರಿಯಿಲ್ಲ” ಎಂದರು.

ಇದರ ಹಿಂದಿನ ಕಾರಣವನ್ನು ತಿಳಿದುಕೊಳ್ಳುವುದು ಹಳೆಯ ಮನೆಯನ್ನು ಕೊಳ್ಳುವ ಪ್ರತಿಯೊಬ್ಬನಿಗೂ ಅಗತ್ಯವಾದದ್ದು. ಸುಣ್ಣದ ಕಲ್ಲನ್ನು ಸುಟ್ಟರೆ ಅದರೊಳಗಿನ ಇಂಗಾಲಾಮ್ಲವಾಯುವು ಹೊರಟುಹೋಗುತ್ತದೆ. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಮರಳಿನೊಡನೆ ಅರೆದು ಗೋಡೆಗೆ ಹಚ್ಚಿದರೆ, ಅದು ಅದೇ ವಾಯುವನ್ನು ಗಾಳಿಯಿಂದ ಮೆಲ್ಲಮೆಲ್ಲನೆ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಇಂತಹ ಗೋಡೆಯು ನೆಲದ ತೇವವನ್ನು ಎಳೆದುಕೊಂಡರೂ, ಅದನ್ನು ತನ್ನ ಮೈಯ ಸಣ್ಣ ರಂಧ್ರಗಳಿಂದ ಹೊರಕ್ಕೆ ಬಿಟ್ಟು ಒಣಗಬಲ್ಲುದು. 1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಎಂಬವನು ಪೇಟೆಂಟು ಪಡೆದ ಪೋರ್ಟ್‌ಲೆಂಡ್ ಸಿಮೆಂಟು ಬಹಳ ಗಟ್ಟಿಯಾದ ಪದಾರ್ಥವೇನೋ ನಿಜ. ಆದರೆ ಅದನ್ನು ಸುಣ್ಣದ ಗೋಡೆಯ ಮೇಲೆ ಬಳಿದರೆ ಒಳಗಿನ ತೇವಕ್ಕೆ ಹೊರದಾರಿ ತಪ್ಪುತ್ತದೆ. ತೇವವು ಉಪ್ಪನ್ನು ಹೊತ್ತುಕೊಂಡು ಇನ್ನೂ ಮೇಲಕ್ಕೆ ಏರುತ್ತದೆ. ಗೋಡೆಯು ಒಳಗೊಳಗೇ ಪುಡಿಯಾಗುತ್ತದೆ. ಗಟ್ಟಿಯಾದದ್ದೆಲ್ಲವೂ ಒಳ್ಳೆಯದಲ್ಲ, ಯಾವುದರ ಮೇಲೆ ಗಟ್ಟಿಯೆಂಬುದನ್ನೂ ನೋಡಬೇಕು.

“ಸಿಮೆಂಟನ್ನು ಕೆತ್ತಿ ತೆಗೆದು ಸುಣ್ಣ ಹಚ್ಚಿದರೆ ಗೋಡೆ ಬದುಕಲಾರದೆ?” ಎಂದು ಕೇಳಿದೆನು. ಅಷ್ಟರಲ್ಲಿ ನನ್ನಾಕೆಯು ಪಕ್ಕದ ಮನೆಯವರೊಡನೆ ಮಾತನಾಡಿ ಬಂದಿದ್ದಳು. 2019ರ ಆಗಸ್ಟಿನಲ್ಲಿ ಕಪಿಲೆಯು ಉಕ್ಕಿದಾಗ ನೀರು ಎಲ್ಲಿಯವರೆಗೆ ಬಂದಿತ್ತೆಂಬುದನ್ನು ಆ ಮನೆಯಾಕೆ ಕಿಟಕಿಯ ಕೆಳಗೆ ಕೈಯಿಟ್ಟು ತೋರಿಸಿದಳಂತೆ. ಮೇಸ್ತ್ರಿಗಳು ಎದ್ದು ಕೈ ಒರಸಿಕೊಂಡರು. “ಗೋಡೆಯನ್ನು ಬದುಕಿಸಬಹುದು, ಸ್ವಾಮಿ. ಹೊಳೆಯನ್ನು ಏನು ಮಾಡುತ್ತೀರಿ?” ಮನೆಯ ದೋಷ ಬೇರೆ, ಸ್ಥಳದ ದೋಷ ಬೇರೆ, ಮೊದಲನೆಯದನ್ನು ಹಣದಿಂದ ತೀರಿಸಬಹುದು, ಎರಡನೆಯದನ್ನು ತೀರಿಸಲಾಗದು. ಆ ಮನೆಯನ್ನು ಅಲ್ಲಿಗೇ ಬಿಟ್ಟೆವು.

ಎರಡನೆಯದು ಶ್ರೀರಂಗಪಟ್ಟಣದ ಕೋಟೆಯೊಳಗಿನ ಒಂದು ತೊಟ್ಟಿಯ ಮನೆ. ವಾಚಕರು ಕ್ಷಮಿಸಬೇಕು, ಅದನ್ನು ವರ್ಣಿಸುವಾಗ ನನಗೆ ಈಗಲೂ ಸಮಾಧಾನ ತಪ್ಪುತ್ತದೆ. ಬೀದಿಗೆ ಕಲ್ಲಿನ ಜಗಲಿ. ಬಗ್ಗಿ ಒಳಹೋಗತಕ್ಕ ತಲೆಬಾಗಿಲು. ಪಡಸಾಲೆಯನ್ನು ದಾಟಿದರೆ ನಡುವೆ ಆಕಾಶಕ್ಕೆ ತೆರೆದ ತೊಟ್ಟಿ. ಅದರ ಸುತ್ತಲೂ ಮರದ ಕಂಬಗಳು. ಅತ್ತ ಅಡಿಗೆಯ ಮನೆ, ದೇವರ ಕೋಣೆ. ಹಿಂದೆ ಬಚ್ಚಲು, ಬಾವಿ, ಹಿತ್ತಲು. ಹಿಂದಿನ ರಾತ್ರಿಯ ಮಳೆಯ ನೀರು ಹಂಚಿನ ಅಂಚಿನಿಂದ ತೊಟ್ಟಿಗೆ ಇನ್ನೂ ತೊಟ್ಟಿಕ್ಕುತ್ತಿದ್ದಿತು. ಮಂಡ್ಯದ ಕಡೆಯ ನಮ್ಮೂರಿನಲ್ಲಿ ನಾನು ಹುಟ್ಟಿ ಬೆಳೆದ ಮನೆಯೂ ಹೀಗೆಯೇ ಇದ್ದಿತು. ನನ್ನಾಕೆಯು ಒಂದು ಮಾತನ್ನೂ ಆಡದೆ ಕಂಬಕ್ಕೊರಗಿ ಕುಳಿತಳು. ಆಕೆಗೂ ಮನಸ್ಸಾಗಿದೆಯೆಂದು ತಿಳಿದೆನು.

ಮನೆಯನ್ನು ಮಾರಲಿದ್ದವರು ಇಬ್ಬರು ಅಣ್ಣತಮ್ಮಂದಿರು. ಹಿರಿಯರು ಮಂಗಳೂರು ಹಂಚೊಂದನ್ನು ಮಗುಚಿ ತೋರಿಸಿ, “ನೋಡಿ ಮೇಷ್ಟ್ರೇ, 1865 ಎಂದು ಅಚ್ಚೊತ್ತಿದೆ. ಮನೆಗೆ ಅಷ್ಟು ವಯಸ್ಸು” ಎಂದರು. ಮೇಸ್ತ್ರಿಗಳು ನಕ್ಕುಬಿಟ್ಟರು. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದ ವರ್ಷ ಅದು. ಎಷ್ಟೋ ಕಾಲದ ಮೇಲೆ ಮಾಡಿದ ಹಂಚುಗಳ ಬೆನ್ನಿನ ಮೇಲೂ ಅದೇ ವರ್ಷವನ್ನು ಒತ್ತುತ್ತಿದ್ದರು. ಹಂಚಿನ ಅಂಕೆಯಿಂದ ಮನೆಯ ವಯಸ್ಸನ್ನು ಎಣಿಸಲಾಗದು. ಅನಂತರ ಮೇಸ್ತ್ರಿಗಳು ಏಣಿಯನ್ನು ಹತ್ತಿ, ತೊಲೆಗಳು ಗೋಡೆಯನ್ನು ಹೊಗುವ ಕಡೆಗಳಲ್ಲಿ ದಬ್ಬಳದಿಂದ ಚುಚ್ಚಿ ನೋಡಿದರು. ಮರವು ಕೆಡುವುದು ನಡುವೆಯಲ್ಲ, ಗಾಳಿಯಾಡದೆ ತೇವ ನಿಲ್ಲುವ ಈ ತುದಿಗಳಲ್ಲಿ. ಎರಡು ತೊಲೆಗಳಲ್ಲಿ ದಬ್ಬಳವು ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಗೆದ್ದಲು ತಿಂದು ಮುಗಿಸಿದ್ದಿತು. “ಎರಡು ತೊಲೆ ಬದಲಾಯಿಸಿದರೆ ಆಯಿತು. ಮನೆ ಗಟ್ಟಿಯಾಗಿದೆ” ಎಂದರು. ನನಗೆ ಪರಮಾನಂದವಾಯಿತು.

ಆದರೆ ಇನ್ನೊಂದು ತೊಡಕಿದ್ದಿತು. ಆ ಮನೆಯು ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕವೊಂದಕ್ಕೆ 100 ಮೀಟರಿನ ಒಳಗೇ ಇದ್ದಿತು. 2010ರ ತಿದ್ದುಪಡಿಯ ಪ್ರಕಾರ ಸ್ಮಾರಕದ ಸುತ್ತ 100 ಮೀಟರಿನವರೆಗೆ ಹೊಸ ಕಟ್ಟಡವು ನಿಷಿದ್ಧ. ಅದರಾಚೆಗೆ ಇನ್ನೂ 200 ಮೀಟರು ನಿಯಂತ್ರಿತ ಪ್ರದೇಶ. ನಿಷಿದ್ಧ ಪ್ರದೇಶದಲ್ಲಿ 1992ರ ಜೂನ್ 16ಕ್ಕೆ ಹಿಂದೆಯೇ ಇದ್ದ ಮನೆಯನ್ನು ದುರಸ್ತು ಮಾಡಬಹುದಾದರೂ, ಅದಕ್ಕೆ ಅಧಿಕಾರಿಗಳ ಅನುಮತಿಯನ್ನು ಬೇಡಿ ಪಡೆಯಬೇಕು. “ಅದೆಲ್ಲ ಕಾಗದದ ಮಾತು, ಯಾರೂ ಕೇಳುವುದಿಲ್ಲ” ಎಂದು ಕಿರಿಯರು ಹೇಳಿದರು. ಅರ್ಜಿ ಬರೆಯುವುದರಲ್ಲಿಯೇ ಆಯುಷ್ಯವನ್ನು ಕಳೆದ ನನಗೆ ಇನ್ನೊಂದು ಅರ್ಜಿಯು ಭಾರವಲ್ಲವೆಂದು ನಾನು ಅದಕ್ಕೂ ಸಿದ್ಧನಾದೆನು.

ಮೂವತ್ತು ವರ್ಷಗಳ ಋಣಭಾರ ಪತ್ರವನ್ನು ತರಿಸಿದೆವು. ಸಾಲವಿಲ್ಲ, ಅಡಮಾನವಿಲ್ಲ. ಮೂಲಪತ್ರ, ಖಾತೆ, ಕಂದಾಯದ ರಸೀತಿಗಳು ಎಲ್ಲವೂ ಸರಿಯಾಗಿದ್ದುವು. ಕಡೆಗೆ ವಂಶವೃಕ್ಷವನ್ನು ನೋಡುವಾಗ, ಇಬ್ಬರು ಗಂಡುಮಕ್ಕಳ ನಡುವೆ ಒಬ್ಬ ಹೆಣ್ಣುಮಗಳ ಹೆಸರಿರುವುದು ಕಂಡಿತು. ಕರಾರು ಪತ್ರದ ಕರಡಿನಲ್ಲಿ ಆಕೆಯ ಹೆಸರಿರಲಿಲ್ಲ. ಕೇಳಿದೆನು.

“ಅವಳಿಗೆ ಮದುವೆಯಲ್ಲಿ ಕೊಟ್ಟದ್ದಾಗಿದೆ, ಮೇಷ್ಟ್ರೇ. ರಿಜಿಸ್ಟರಿನ ದಿವಸ ಕರೆಸಿ ರುಜು ಹಾಕಿಸುತ್ತೇವೆ. ನಮ್ಮ ಮಾತನ್ನು ಮೀರುವವಳಲ್ಲ” ಎಂದು ಹಿರಿಯರು ಸಹಜವಾಗಿ ಹೇಳಿದರು.

ಆ ಮಾತನ್ನು ನಾನು ಹಿಂದೆ ಕೇಳಿದ್ದೆನು. ಕೇಳಿದ್ದೆನೆಂದರೆ, ಆಡಿದವನೇ ನಾನು.

1998ರಲ್ಲಿ ನಮ್ಮ ತಂದೆಯವರು ತೀರಿಕೊಂಡರು. ನಾನೂ ನನ್ನ ತಮ್ಮನೂ ಬೇರೆ ಬೇರೆ ಊರುಗಳಲ್ಲಿ ಉದ್ಯೋಗದಲ್ಲಿದ್ದೆವು. ಮನೆಯು ಬೀಗ ಹಾಕಿದಂತೆಯೇ ಇದ್ದು ಸೋರಲಾರಂಭಿಸಿತು. ಮರುವರ್ಷ ಮಾರಲು ನಿಶ್ಚಯಿಸಿದೆವು. ಆಗಲೂ ಕೊಳ್ಳುವವರು ತಂಗಿಯ ವಿಚಾರವನ್ನು ಕೇಳಿದರು. ನಾನು ಇದೇ ಉತ್ತರವನ್ನು ಕೊಟ್ಟೆನು. ಅವಳಿಗೆ ಒಂದು ಕಾಗದ ಬರೆದೆನು, ಇಂತಹ ದಿವಸ ಹನ್ನೊಂದು ಗಂಟೆಗೆ ಸಬ್‌ರಿಜಿಸ್ಟ್ರಾರರ ಕಚೇರಿಗೆ ಬಾ ಎಂದು. ಅರಸೀಕೆರೆಯಿಂದ ಬೆಳಗಿನ ಬಸ್ಸನ್ನು ಹಿಡಿದು ಬಂದಳು. ತೋರಿಸಿದ ಕಡೆಗಳಲ್ಲಿ ರುಜು ಹಾಕಿದಳು. ಹೋಟೆಲಿನಲ್ಲಿ ಕಾಫಿ ಕುಡಿಸಿದೆವು. ಆಗ ಅವಳು, “ಅಣ್ಣ, ಒಂದು ಸಲ ಮನೆಯೊಳಕ್ಕೆ ಹೋಗಿ ಬರಲೆ?” ಎಂದು ಕೇಳಿದಳು. ಬೀಗದ ಕೈಯನ್ನು ಆಗಲೇ ಕೊಂಡವರಿಗೆ ಕೊಟ್ಟಾಗಿದ್ದಿತು. “ಇನ್ನೇನಿದೆ ಅಲ್ಲಿ, ಬಿಡಮ್ಮ” ಎಂದೆನು. ಅವಳು ಸಾಯಂಕಾಲದ ಬಸ್ಸಿಗೆ ಹೊರಟುಹೋದಳು. ಅನಂತರ ಎಷ್ಟೋ ಹಬ್ಬಗಳಲ್ಲಿ, ಮದುವೆಗಳಲ್ಲಿ ಸೇರಿದ್ದೇವೆ. ಅವಳು ಆ ಮಾತನ್ನು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅರಗಿಹೋಯಿತೆಂದು ತಿಳಿದಿದ್ದೆನು. ಶ್ರೀರಂಗಪಟ್ಟಣದ ಆ ಪಡಸಾಲೆಯಲ್ಲಿ ಅದು ಅರಗಿಲ್ಲವೆಂಬುದು ಗೊತ್ತಾಯಿತು.

ಕಾನೂನಿನ ಮಾತನ್ನು ಇಲ್ಲಿ ಎರಡು ವಾಕ್ಯಗಳಲ್ಲಿ ಹೇಳಿಬಿಡುತ್ತೇನೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲಿಯೇ ತಂದೆಯ ಪಾಲಿನಲ್ಲಿ ಮಗಳಿಗೂ ಅಂಶವಿದ್ದಿತು; 2005ರ ತಿದ್ದುಪಡಿಯು ಪಿತ್ರಾರ್ಜಿತ ಆಸ್ತಿಯಲ್ಲಿ ಅವಳನ್ನು ಮಗನಿಗೆ ಸಮಳನ್ನಾಗಿ ಮಾಡಿತು; 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು, ತಂದೆಯು 2005ರಲ್ಲಿ ಬದುಕಿದ್ದರೂ ಇಲ್ಲದಿದ್ದರೂ ಈ ಹಕ್ಕು ಹುಟ್ಟಿನಿಂದಲೇ ಬಂದದ್ದೆಂದು ತೀರ್ಮಾನಿಸಿತು. ಋಣಭಾರ ಪತ್ರದಲ್ಲಿ ಕಾಣುವುದು ರಿಜಿಸ್ಟರಾದ ವ್ಯವಹಾರಗಳು ಮಾತ್ರ. ಯಾರನ್ನು ಕೇಳಬೇಕಾಗಿದ್ದಿತೋ ಅವರನ್ನು ಕೇಳದಿರುವ ಋಣವನ್ನು ಯಾವ ಕಚೇರಿಯೂ ಅದರಲ್ಲಿ ಬರೆದುಕೊಡುವುದಿಲ್ಲ.

“ನಿಮ್ಮ ತಂಗಿಯವರು ಒಂದು ಸಲ ಬಂದು ಮನೆಯನ್ನು ನೋಡಿಕೊಂಡು ಹೋಗಲಿ, ಅವರ ಬಾಯಿಂದ ಒಪ್ಪಿಗೆಯ ಮಾತನ್ನು ಕೇಳಿದ ಮೇಲೆ ನಾನು ಮುಂಗಡ ಕೊಡುತ್ತೇನೆ” ಎಂದು ಹೇಳಿದೆನು. ಅವರಿಗೆ ಅಸಮಾಧಾನವಾಯಿತು. ರುಜುವಿಗೆ ತಾವೇ ಹೊಣೆಯಾಗಿರುವಾಗ ಮನೆಯ ಹೆಣ್ಣುಮಕ್ಕಳನ್ನು ನಡುವೆ ತರುವುದೇಕೆಂದು ಕೇಳಿದರು. ಹದಿನೈದು ದಿವಸ ಕಾದೆನು. ಆಕೆ ಬರಲಿಲ್ಲವೋ, ಆಕೆಗೆ ಹೇಳಲೇ ಇಲ್ಲವೋ, ನನಗೆ ತಿಳಿಯದು. ಆ ಮನೆಯನ್ನು ಬಿಟ್ಟೆವು. ಬಿಟ್ಟದ್ದು ಧರ್ಮವೆಂದು ಹೆಮ್ಮೆಪಡುವ ಯೋಗ್ಯತೆಯು ನನಗಿಲ್ಲ; ಮಳೆ ಬಂದ ರಾತ್ರಿಗಳಲ್ಲಿ ಆ ತೊಟ್ಟಿಯು ನನಗೆ ಇಂದಿಗೂ ನೆನಪಾಗುತ್ತದೆ.

ಹಿಂದಿರುಗಿದ ದಿವಸವೇ ತಂಗಿಗೆ ಟೆಲಿಫೋನು ಮಾಡಿ ನಡೆದುದೆಲ್ಲವನ್ನೂ ಹೇಳಿದೆನು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಣ್ಣ, ರುಜು ಹಾಕಿದ್ದಕ್ಕೆ ನನಗೆ ಬೇಜಾರಿರಲಿಲ್ಲ. ಹಣ ಕೊಡಲಿಲ್ಲವೆಂತಲೂ ಬೇಜಾರಿಲ್ಲ. ಬೀಗದ ಕೈ ಕೊಟ್ಟಮೇಲೆ ಕರೆಸಿದೆಯಲ್ಲ, ಅದಕ್ಕೆ” ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಮೂರನೆಯ ಮನೆಯೊಂದನ್ನು ನೋಡಲಿಕ್ಕಿದೆ, ನೀನೂ ಬಾ ಎಂದೆನು. ಅಷ್ಟೇ ನನ್ನ ಬಾಯಿಂದ ಬಂದದ್ದು.

ಮೂರನೆಯದು ಮೈಸೂರಿನ ಅಗ್ರಹಾರದ ಒಂದು ಓಣಿಯಲ್ಲಿದೆ. ನೋಡುವುದಕ್ಕೆ ಏನೂ ಇಲ್ಲ: ಕಂಬವಿಲ್ಲ, ತೊಟ್ಟಿಯಿಲ್ಲ, ಮುಂದೊಂದು ಗೇಣಗಲದ ಜಗಲಿ, ಒಂದರ ಹಿಂದೊಂದಾಗಿ ಮೂರು ಕೋಣೆಗಳು, ಹಿತ್ತಲಿನಲ್ಲಿ ಎಂಟಡಿ ಅಗಲದ ಜಾಗ. ಅದರ ಯಜಮಾನಿಯು ಎಂಬತ್ತನ್ನು ದಾಟಿದ ವೃದ್ಧೆ. ಆಕೆಯು ನಮ್ಮನ್ನು ಕುಳ್ಳಿರಿಸುವುದಕ್ಕೆ ಮೊದಲೇ ನಡುಕೋಣೆಗೆ ಕರೆದೊಯ್ದು ಒಂದು ಬಕೀಟನ್ನು ತೋರಿಸಿ, “ಇಲ್ಲಿ ಸೋರುತ್ತದೆ. ಅಡಿಗೆಮನೆಯ ಕಿಟಕಿಯ ಮೇಲೆ ಗೋಡೆ ಬಿಟ್ಟಿದೆ. ಮಿಕ್ಕ ಕಡೆ ಚೆನ್ನಾಗಿದೆ” ಎಂದರು. ಆಕೆಯ ಇಬ್ಬರು ಹೆಣ್ಣುಮಕ್ಕಳೂ ಮಗನೂ ಆ ದಿವಸ ಅಲ್ಲಿಯೇ ಇದ್ದರು. “ಮೂವರ ಎದುರಿನಲ್ಲಿಯೇ ಬೆಲೆಯ ಮಾತಾಗಲಿ” ಎಂಬುದು ಆಕೆಯ ಕಟ್ಟುನಿಟ್ಟು. ನನ್ನ ತಂಗಿಯು ನನ್ನನ್ನು ನೋಡಿದಳು. ನಾನು ಜಂತೆಗಳನ್ನು ನೋಡಿದೆನು.

ಆ ಮನೆಗೆ ಮದ್ರಾಸು ತಾರಸಿ. ತೇಗದ ಜಂತೆಗಳನ್ನು ಒತ್ತೊತ್ತಾಗಿ ಹೊದಿಸಿ, ಅಂಗುಲ ದಪ್ಪದ ಸಣ್ಣ ಇಟ್ಟಿಗೆಗಳನ್ನು ಸುಣ್ಣದ ಗಾರೆಯಲ್ಲಿ ಅಂಚಿನ ಮೇಲೆ ಓರೆಯಾಗಿ ನಿಲ್ಲಿಸಿ, ಮೇಲೆ ಇಟ್ಟಿಗೆ ಜಲ್ಲಿಯನ್ನೂ ಸುಣ್ಣವನ್ನೂ ಹರಡುತ್ತಿದ್ದರು. ಅದರ ಮೇಲೆ ಅಳಲೆಕಾಯಿಯ ಮತ್ತು ಬೆಲ್ಲದ ನೀರನ್ನು ಚಿಮುಕಿಸುತ್ತ, ಆಳುಗಳು ಸಾಲಾಗಿ ಕುಳಿತು ಮರದ ಕೊಡತಿಗಳಿಂದ ದಿನಗಟ್ಟಲೆ ಬಡಿಯುತ್ತಿದ್ದರು. ಈ ಸೋರಿಕೆಯ ಕಾರಣವನ್ನು ಮೇಸ್ತ್ರಿಗಳು ಮೇಲೆ ಹತ್ತಿ ಕಂಡುಹಿಡಿದರು. ಯಾವಾಗಲೋ ಸೋರಿದಾಗ ಅದರ ಮೇಲೆ ಸಿಮೆಂಟು ಕಾಂಕ್ರೀಟನ್ನು ಹಾಸಿದ್ದರು. ಅದು ಬಿಸಿಲಿಗೆ ಸೀಳಿ, ಸೀಳಿನಿಂದ ಇಳಿದ ನೀರು ಕೆಳಗೇ ನಿಂತು, ಜಂತೆಗಳ ಮೇಲೆ ಭಾರವೂ ತೇವವೂ ಕೂಡಿದ್ದುವು. ಇದು ಅಲಕ್ಷ್ಯ ಮಾಡತಕ್ಕ ವಿಷಯವಲ್ಲ. ಇದೇ ಮೈಸೂರಿನಲ್ಲಿ, ಹತ್ತೊಂಬತ್ತನೆಯ ಶತಮಾನದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗವು 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡುದನ್ನು ಊರು ಮರೆತಿಲ್ಲ. ಮೇಸ್ತ್ರಿಗಳು ಒಂದೊಂದು ಜಂತೆಯನ್ನೂ ಚುಚ್ಚಿ ನೋಡಿದರು. ಮೂರನ್ನು ಬಿಟ್ಟು ಮಿಕ್ಕವೆಲ್ಲ ಗಟ್ಟಿ. ಗೋಡೆಗಳು ಬುಡದವರೆಗೂ ಒಣ.

ಕಿಟಕಿಯ ಮೇಲಿನ ಬಿರುಕು ಉಳಿಯಿತು. ಅದು ಹಳೆಯದೋ, ಇನ್ನೂ ಬೆಳೆಯುತ್ತಿರುವುದೋ? ಮೇಸ್ತ್ರಿಗಳು ತೆಳುವಾದ ಗಾಜಿನ ಚೂರೊಂದನ್ನು ಬಿರುಕಿನ ಎರಡು ದಡಗಳಿಗೂ ಅಂಟುವಂತೆ ಗಾರೆಯಿಂದ ಕೂರಿಸಿ, ಪಕ್ಕದಲ್ಲಿ ತಾರೀಖನ್ನು ಬರೆದರು. ಗೋಡೆಯು ಅಲುಗಿದರೆ ಗಾಜು ಒಡೆಯಬೇಕು. ವೃದ್ಧೆಯು ಮೂರು ತಿಂಗಳು ಕಾಯಲು ಒಪ್ಪಿದರು. ಮಳೆಗಾಲ ಕಳೆಯಿತು, ಗಾಜು ಒಡೆಯಲಿಲ್ಲ. ಬಿರುಕು ಹಳೆಯದು, ಗೋಡೆಯು ಅದನ್ನು ಅರಗಿಸಿಕೊಂಡಿದ್ದಿತು. ಮೂವರು ಮಕ್ಕಳೂ ತಾಯಿಯ ಪಕ್ಕದಲ್ಲಿ ನಿಂತು ರುಜು ಹಾಕಿದರು.

ಈಗ ಕೆಲಸವು ನಡೆಯುತ್ತಿದೆ. ಮೊದಲು ಎಣಿಸಿದ್ದ ಖರ್ಚು ಒಂದೂವರೆಯಷ್ಟಾಗಿದೆ. ಹಳೆಯ ಮನೆಯನ್ನು ಕೊಳ್ಳುವವರು ಹಣದಲ್ಲಿ ಮೂರನೆಯ ಒಂದು ಪಾಲನ್ನಾದರೂ ದುರಸ್ತಿಗೆ ಎತ್ತಿಡಬೇಕೆಂಬುದು ನನ್ನ ಅನುಭವದ ಮಾತು. ಸುಣ್ಣವನ್ನು ಅರೆಯಬಲ್ಲ ಆಳುಗಳು ಸಿಕ್ಕುವುದು ದುರ್ಲಭ. ವಜ್ರಲೇಪಕ್ಕೆ ಬೇಲದ ಕಾಯಿಯನ್ನು ತರಿಸಬೇಕೆ ಎಂದು ನನ್ನಾಕೆಯು ದಿನಕ್ಕೊಮ್ಮೆ ಕೇಳುತ್ತಾಳೆ.

ಮನೆಯು ನಮ್ಮ ಹೆಸರಿಗಾದ ದಿವಸ ಬೀಗದ ಕೈಯನ್ನು ತಂಗಿಯ ಕೈಯಲ್ಲಿ ಕೊಟ್ಟೆನು. ಅದರಿಂದ ಹಿಂದಿನದು ತೀರಿತೆಂದು ನಾನು ಹೇಳಲಾರೆ; ಆ ಮನೆಯೇ ಬೇರೆ, ಈ ಮನೆಯೇ ಬೇರೆ. ಅವಳು ಬೀಗವನ್ನು ತೆಗೆದು, ಎಲ್ಲ ಕೋಣೆಗಳನ್ನೂ ನಿಧಾನವಾಗಿ ಸುತ್ತಿ, ಬಚ್ಚಲಿಗೆ ಒಂದು ತಂಬಿಗೆ ನೀರನ್ನು ಸುರಿದು ನೋಡಿ ಹೊರಕ್ಕೆ ಬಂದಳು.

“ಅಣ್ಣ, ಬಚ್ಚಲಿನ ಇಳಿಜಾರು ಸರಿಯಿಲ್ಲ. ನೀರು ಮೂಲೆಯಲ್ಲಿ ನಿಲ್ಲುತ್ತದೆ. ಮೇಸ್ತ್ರಿಗಳಿಗೆ ಹೇಳಿ ಈಗಲೇ ಸರಿಮಾಡಿಸು” ಎಂದಳು.

ಅಷ್ಟು ಜನ ನೋಡಿದ್ದರೂ ಯಾರಿಗೂ ಅದು ಕಂಡಿರಲಿಲ್ಲ. ಮಾರನೆಯ ದಿವಸವೇ ಅದನ್ನು ಕೀಳಿಸಿದೆವು.